ಹರಿಕೇನ್ ಹೋದ ಮೇಲೆ ಒಂದು ಬೀದಿ ಮತ್ತೆ ಹೇಗೆ ಎದ್ದು ನಿಲ್ಲುತ್ತದೆ?

ಕೆಲಸದ ಮೇಲೆ ಹೊಸದಾಗಿ ಹ್ಯೂಸ್ಟನ್‌ಗೆ ಬಂದಿದ್ದೀರಿ, ಹರಿಕೇನ್ ಕಾಲ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಬಿರುಗಾಳಿ ಬಂದು ಹೋದ ಮೇಲೆ ಮನೆ, ಬೀದಿ ಕ್ಲೀನ್ ಮಾಡುವವರು ಯಾರು, ಸರ್ಕಾರವೋ ಅಕ್ಕಪಕ್ಕದವರೋ, ಅದರಲ್ಲಿ ನಮ್ಮಂಥವರ ಪಾಲು ಏನು ಎಂದು ಕೇಳಿದ್ದೀರಿ.

ಮೊದಲ ಒಂದೆರಡು ವಾರ ಬೀದಿಯವರೇ ಬೀದಿಗೆ ದಿಕ್ಕು. ಆಮೇಲೆ ಸರ್ಕಾರದ ಲಾರಿ, ದುಡ್ಡು, ಇನ್ಶೂರೆನ್ಸ್‌ನವರು ಬರುತ್ತಾರೆ. ಅವರೆಲ್ಲ ಬಂದು ಹೋದ ಮೇಲೂ ಒಂದು ವರ್ಷದ ಕೆಲಸ ಬಾಕಿ ಇರುತ್ತದೆ. ಆಗ ಮತ್ತೆ ಬೀದಿಯವರೇ. ಮೊದಲ ವಾರ ಸಹಾಯಕ್ಕೆ ಜನರ ಬರ ಇರುವುದಿಲ್ಲ. ಜನ ಸಾಲದೇ ಹೋಗುವುದು ಮೂರನೇ ತಿಂಗಳಲ್ಲಿ. ಅದನ್ನು ಗಮನದಲ್ಲಿಟ್ಟುಕೊಂಡು ಉಳಿದದ್ದನ್ನು ಓದಿ.

ನಾನು ಪಶ್ಚಿಮ ಹ್ಯೂಸ್ಟನ್‌ನಲ್ಲಿದ್ದೇನೆ. 2017ರ ಹಾರ್ವಿ ನಾವು ಕಣ್ಣಾರೆ ಕಂಡದ್ದು. ಆಗಸ್ಟ್ 25ರ ರಾತ್ರಿ ಅದು ಟೆಕ್ಸಸ್ ಕರಾವಳಿಯ ರಾಕ್‌ಪೋರ್ಟ್ ಹತ್ತಿರ ಕೆಟಗರಿ 4 (ಗಾಳಿಯ ವೇಗದ ಐದು ದರ್ಜೆಗಳಲ್ಲಿ ನಾಲ್ಕನೆಯದು) ಹರಿಕೇನ್ ಆಗಿ ದಡ ಮುಟ್ಟಿತು. ಗಾಳಿಯ ಹೊಡೆತ ಬಿದ್ದದ್ದು ಅಲ್ಲಿಗೆ. ಹ್ಯೂಸ್ಟನ್ನನ್ನು ಮುಳುಗಿಸಿದ್ದು ಮಳೆ. ಬಿರುಗಾಳಿ ಮುಂದಕ್ಕೆ ಸಾಗದೆ ಟೆಕ್ಸಸ್ ಸುತ್ತಮುತ್ತಲೇ ನಿಂತುಬಿಟ್ಟಿತು. ನೆಡರ್‌ಲ್ಯಾಂಡ್ ಎಂಬ ಊರಿನಲ್ಲಿ ಒಂದು ವಾರದಲ್ಲಿ 60 ಇಂಚಿಗೂ ಜಾಸ್ತಿ ಮಳೆ ಬಿತ್ತು. ಅಂದರೆ 1500 ಮಿಲಿಮೀಟರ್ ಮೀರಿ. ಬೆಂಗಳೂರಿಗೆ ಒಂದೂವರೆ ವರ್ಷದಲ್ಲಿ ಬೀಳುವಷ್ಟು.

ನಮ್ಮ ಕಡೆ ಆಡಿಕ್ಸ್, ಬಾರ್ಕರ್ ಎಂಬ ಎರಡು ಜಲಾಶಯಗಳಿವೆ. 1940ರ ದಶಕದಲ್ಲಿ ಪ್ರವಾಹ ತಡೆಯಲೆಂದೇ ಕಟ್ಟಿದ್ದು. ಮಾಮೂಲಿ ದಿನಗಳಲ್ಲಿ ಒಳಗೆ ನೀರೇ ಇರುವುದಿಲ್ಲ. ಪಾರ್ಕು, ಆಟದ ಮೈದಾನ ಇವೆ. ಹಾಗಾಗಿ ಅದರ ಅಂಚಿಗೆ ಮನೆ ತೆಗೆದುಕೊಂಡವರಲ್ಲಿ ಎಷ್ಟೋ ಜನಕ್ಕೆ ತಾವು ಜಲಾಶಯದ ಮಗ್ಗುಲಲ್ಲಿದ್ದೇವೆ ಅಂತಲೇ ಗೊತ್ತಿರಲಿಲ್ಲ. ಹಾರ್ವಿಯಲ್ಲಿ ಹಿಂಬದಿಯ ಬಡಾವಣೆಗಳಿಗೆ ತುಂಬಿದ ಜಲಾಶಯದ ನೀರು ಹತ್ತಿತು. ಆಗಸ್ಟ್ 28ರ ನಸುಕಿನಲ್ಲಿ ಗೇಟು ತೆರೆದಾಗ ಕೆಳಗೆ ಬಫಲೋ ಬಯೂ (ಬಯೂ ಅಂದರೆ ಇಲ್ಲಿನ ನಿಧಾನವಾಗಿ ಹರಿಯುವ ಹೊಳೆ) ದಂಡೆಯ ಮನೆಗಳಿಗೂ ನೀರು ಬಂತು. ಮಳೆ ನಿಂತು ಬಿಸಿಲು ಕಾಯುತ್ತಿತ್ತು, ಮನೆಯೊಳಗೆ ಮಾತ್ರ ದಿನಗಟ್ಟಲೆ ನೀರು ನಿಂತಿತ್ತು. ನಮ್ಮ ಮನೆ ಸ್ವಲ್ಪ ಎತ್ತರದಲ್ಲಿದ್ದದ್ದರಿಂದ ಉಳಿಯಿತು. ಪಕ್ಕದ ಬೀದಿಗಳು ಉಳಿಯಲಿಲ್ಲ.

ಈಗ ಕೆಲಸದ ವಿಷಯ. ನಮ್ಮೂರಲ್ಲಿ ಮನೆಗೆ ಹೊಳೆ ನುಗ್ಗಿದರೆ ಕೆಸರು ಬಾಚಿ, ತೊಳೆದು, ಒಣಗಿಸಿ ಸುಣ್ಣ ಬಳಿಯುತ್ತಾರೆ. ಇಟ್ಟಿಗೆ ಗೋಡೆ ಅಷ್ಟನ್ನು ತಡೆದುಕೊಳ್ಳುತ್ತದೆ. ಇಲ್ಲಿನ ಮನೆ ಹಾಗಲ್ಲ. ಮರದ ಚೌಕಟ್ಟು, ಅದಕ್ಕೆ ಮೊಳೆ ಹೊಡೆದು ನಿಲ್ಲಿಸಿದ ಡ್ರೈವಾಲ್, ಅಂದರೆ ಎರಡೂ ಕಡೆ ಕಾಗದ ಅಂಟಿಸಿದ ಜಿಪ್ಸಂ ಹಲಗೆ. ಮಧ್ಯೆ ಗಾಜಿನ ನಾರಿನ ಇನ್ಸುಲೇಷನ್. ಬತ್ತಿ ಎಣ್ಣೆ ಎಳೆದ ಹಾಗೆ ಡ್ರೈವಾಲ್ ನೀರನ್ನು ಮೇಲಕ್ಕೆಳೆಯುತ್ತದೆ. ನೀರು ಒಂದಡಿ ನಿಂತಿದ್ದರೂ ಗೋಡೆ ಎರಡಡಿ ಒದ್ದೆ. ಕರೆಂಟಿಲ್ಲ, ಎಸಿ ಇಲ್ಲ, ಹ್ಯೂಸ್ಟನ್‌ನ ಸೆಪ್ಟೆಂಬರ್ ಸೆಕೆ. ಒಂದೆರಡು ದಿನದಲ್ಲೇ ಬೂಷ್ಟು ಏಳುತ್ತದೆ. ಆದ್ದರಿಂದ ನೀರು ಇಳಿದ ತಕ್ಷಣ ಮನೆ ಖಾಲಿ ಮಾಡಿ ಗೋಡೆ ಕಿತ್ತುಹಾಕಬೇಕು. ಸರ್ಕಾರದವರು ಬರಲಿ, ನಷ್ಟ ಅಂದಾಜು ಮಾಡುವ ಇನ್ಶೂರೆನ್ಸ್ ಅಡ್ಜಸ್ಟರ್ ಬಂದು ನೋಡಲಿ ಅಂತ ಕಾದು ಕೂತರೆ ಮರಕ್ಕೂ ಬೂಷ್ಟು ಹತ್ತುತ್ತದೆ.

ಹಾಗಂತ ಎಲ್ಲವನ್ನೂ ಎತ್ತಿ ಹೊರಗೆ ಹಾಕಬೇಡಿ. ಮೊದಲು ಫೋಟೊ. ಪ್ರತಿ ಕೋಣೆ, ಗೋಡೆಯ ಮೇಲಿನ ನೀರಿನ ಗುರುತು, ಫ್ರಿಜ್, ವಾಷಿಂಗ್ ಮಷೀನ್‌ಗಳ ಮಾಡೆಲ್ ನಂಬರ್ ಇರುವ ಚೀಟಿ. ಕಾರ್ಪೆಟ್‌ನಿಂದ ಒಂದು ತುಂಡು ಕತ್ತರಿಸಿ ಚೀಲದಲ್ಲಿ ಇಟ್ಟುಕೊಳ್ಳಿ. ಆಮೇಲೆ ಕೆಲಸ ಶುರು. ಕೈಗೆ ದಪ್ಪ ಗ್ಲೌಸ್, ಮುಖಕ್ಕೆ ಎನ್-95 ಮಾಸ್ಕ್, ಕಾಲಿಗೆ ಗಟ್ಟಿ ಬೂಟು. ಟೆಟನಸ್ ಇಂಜೆಕ್ಷನ್ ಹಾಕಿಸಿಕೊಂಡು ಹತ್ತು ವರ್ಷ ಆಗಿದ್ದರೆ ಮತ್ತೆ ಹಾಕಿಸಿಕೊಳ್ಳಿ, ಎಲ್ಲಿ ನೋಡಿದರೂ ಮೊಳೆ. ನೀರಲ್ಲಿ ಕೂತ ಫ್ರಿಜ್‌ನ ಬಾಗಿಲು ತೆರೆಯಲೇಬೇಡಿ. ಸುತ್ತ ಟೇಪ್ ಸುತ್ತಿ ಹಾಗೇ ಹೊರಗೆ ತಳ್ಳಿ.

ಒಂದು ಮನೆಯ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ. ಎಪ್ಪತ್ತು ದಾಟಿದ ದಂಪತಿ. ಮಕ್ಕಳು ಬೇರೆ ರಾಜ್ಯದಲ್ಲಿ. ನಾವು ಹತ್ತು ಹನ್ನೆರಡು ಜನ ಹೋದೆವು, ಅದರಲ್ಲಿ ಅರ್ಧದಷ್ಟು ಜನ ಅವರಿಗೆ ಪರಿಚಯವೇ ಇಲ್ಲ. ಇಬ್ಬರು ಕಾರ್ಪೆಟ್ ಕತ್ತರಿಸಿ ಸುರುಳಿ ಸುತ್ತುತ್ತಿದ್ದರು. ಒದ್ದೆ ಕಾರ್ಪೆಟ್‌ನ ಭಾರ ಎತ್ತಿದವರಿಗೇ ಗೊತ್ತು. ಒಬ್ಬರು ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಗೋಡೆಯುದ್ದಕ್ಕೂ ಗೆರೆ ಎಳೆದರು. ಡ್ರೈವಾಲ್ ಹಾಳೆ ನಾಲ್ಕಡಿ ಅಗಲ ಬರುತ್ತದೆ, ಅಡ್ಡಡ್ಡ ಕೂರಿಸಿದರೆ ಮತ್ತೆ ಕತ್ತರಿಸುವ ಕೆಲಸ ಇರುವುದಿಲ್ಲ, ಅದಕ್ಕೇ ಆ ಅಳತೆ. ಗೆರೆ ಕೆಳಗೆ ಹಾರೆ ಹಾಕಿ ಎಳೆದರೆ ಗೋಡೆ ಮುದ್ದೆಯಾಗಿ ಕೈಗೆ ಬರುತ್ತದೆ. ಅದನ್ನು ತಳ್ಳುಗಾಡಿಗೆ ಹಾಕಿ ರಸ್ತೆ ಅಂಚಿಗೆ ಸಾಗಿಸುವುದು.

ಆ ಮನೆಯಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಈ ಕೆಲಸ ಅಲ್ಲ. ನಮ್ಮ ಜೊತೆ ಬಂದಿದ್ದ ಒಬ್ಬ ಹೈಸ್ಕೂಲ್ ಹುಡುಗಿ ಗ್ಯಾರೇಜಿನಲ್ಲಿ ಆ ಅಜ್ಜಿಯ ಪಕ್ಕದಲ್ಲೇ ನಿಂತಳು. ಹೊರಗೆ ಹೋಗುವ ಒಂದೊಂದು ಸಾಮಾನನ್ನೂ ತೋರಿಸಿ "ಇದು ಇರಲಾ, ಹೋಗಲಾ?" ಎಂದು ಕೇಳುತ್ತಿದ್ದಳು. ಅಜ್ಜಿಯ ತಾಯಿ ಕೈಯಲ್ಲಿ ಬರೆದ ಅಡುಗೆ ಚೀಟಿಗಳ ಡಬ್ಬ ಸಿಕ್ಕಿತು. ಶಾಯಿ ಹರಡಲು ಶುರುವಾಗಿತ್ತು. ಹುಡುಗಿ ಒಂದು ಬೆಡ್‌ಶೀಟ್ ಹಾಸಿ, ನೆರಳಿನಲ್ಲಿ ಚೀಟಿಗಳನ್ನು ಒಂದೊಂದಾಗಿ ಬಿಡಿಸಿಟ್ಟು, ಎಲ್ಲದರ ಫೋಟೊ ತೆಗೆದಳು. ಸಂಜೆವರೆಗೆ ಅದೇ ಕೆಲಸ. ಅದಕ್ಕೇ ಹೇಳುತ್ತೇನೆ, ಟೀಮಿನಲ್ಲಿ ಒಬ್ಬರು ಮನೆಯವರ ಜೊತೆಗೇ ಇರಬೇಕು. ಯಾರೋ ಬಂದು ತಮ್ಮ ಬದುಕನ್ನು ರಸ್ತೆಗೆ ಎಸೆಯುತ್ತಿದ್ದಾರೆ ಅಂತ ಮನೆಯವರಿಗೆ ಅನ್ನಿಸಬಾರದು. ಫೋಟೊ ಆಲ್ಬಮ್ ನೆನೆದಿದ್ದರೆ ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು ಒಣಗಿಸಬಹುದು. ಪುರುಸೊತ್ತಿಲ್ಲದಿದ್ದರೆ ಕವರ್‌ಗೆ ಹಾಕಿ ಕರೆಂಟಿರುವ ಮನೆಯವರ ಫ್ರೀಜರ್‌ನಲ್ಲಿಡಿ, ತಿಂಗಳಾದರೂ ಕೆಡುವುದಿಲ್ಲ.

ರಸ್ತೆ ಅಂಚಿನ ರಾಶಿಗೂ ಲೆಕ್ಕ ಇದೆ. ಮರದ ಕೊಂಬೆ ಬೇರೆ, ಗೋಡೆ ಕಾರ್ಪೆಟ್ ಬೇರೆ, ಫ್ರಿಜ್ ಒಲೆ ಬೇರೆ, ಟಿವಿ ಕಂಪ್ಯೂಟರ್ ಬೇರೆ, ಪೇಂಟ್ ಔಷಧಿ ಬೇರೆ. ಎಲ್ಲ ಒಂದೇ ಗುಡ್ಡೆ ಹಾಕಿದರೆ ಲಾರಿಯವರು ಬಿಟ್ಟು ಹೋಗಬಹುದು. ಗ್ಯಾಸ್ ಮೀಟರ್, ಫೈರ್ ಹೈಡ್ರಂಟ್, ಮರದ ಬುಡ ಬಿಟ್ಟು ಹಾಕಿ.

ಇನ್ನು ಬಹಳ ಮುಖ್ಯವಾದ ವಿಷಯ, ಪಟ್ಟಿ. ನಮ್ಮ ಪಕ್ಕದ ಬೀದಿಯಲ್ಲಿ ರಿಟೈರ್ ಆದ ಟೀಚರ್ ಒಬ್ಬರು ಮನೆ ಮನೆಗೆ ಹೋಗಿ ಬರೆದುಕೊಂಡರು. ಯಾರ ಮನೆಗೆ ಎಷ್ಟು ನೀರು ಬಂದಿದೆ, ಯಾರಿಗೆ ಇನ್ಶೂರೆನ್ಸ್ ಇದೆ, ಯಾರು ಒಂಟಿ, ಯಾರ ಮನೆಯಲ್ಲಿ ಚಿಕ್ಕ ಮಗು, ಯಾರಿಗೆ ಡಯಾಲಿಸಿಸ್, ಬಾಡಿಗೆಯವರು ಎಲ್ಲಿಗೆ ಹೋದರು, ಹೀಗೆ. ಬಂದ ವಾಲಂಟಿಯರ್‌ಗಳನ್ನೆಲ್ಲ ಅವರೇ ಹಂಚುತ್ತಿದ್ದರು. ಅಂಥವರು ಇಲ್ಲದ ಬೀದಿಯಲ್ಲಿ ಏನಾಗುತ್ತದೆ ಗೊತ್ತಾ? ಮಾತು ಬಲ್ಲವರ ಮನೆಗೆ ಇಪ್ಪತ್ತು ಜನ ಹೋಗುತ್ತಾರೆ. ಬಾಗಿಲು ಹಾಕಿಕೊಂಡು ಒಳಗೇ ಇರುವ ವಯಸ್ಸಾದವರ ಮನೆಗೆ, ಇಂಗ್ಲಿಷ್ ಬಾರದವರ ಮನೆಗೆ ಒಬ್ಬರೂ ಹೋಗುವುದಿಲ್ಲ. ಕ್ರೈಸಿಸ್ ಕ್ಲೀನಪ್ ಎಂಬ ವ್ಯವಸ್ಥೆಯೂ ಇದೆ. ದೊಡ್ಡ ಅನಾಹುತಗಳಾದಾಗ ಅದರ ಫೋನ್ ಲೈನ್ ತೆರೆದಿರುತ್ತದೆ. ಅಲ್ಲಿ ಹೆಸರು ಬರೆಸಿದರೆ ಚರ್ಚುಗಳ ತಂಡ, ಟೀಮ್ ರೂಬಿಕಾನ್‌ನಂಥ ಸಂಸ್ಥೆಗಳಿಗೆ ನಿಮ್ಮ ಮನೆ ಕಾಣಿಸುತ್ತದೆ, ಅವರು ಒಂದು ಪೈಸೆ ತೆಗೆದುಕೊಳ್ಳದೆ ಮಾಡಿಕೊಡುತ್ತಾರೆ. ಬರುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ, ಆದರೂ ಮೊದಲ ದಿನವೇ ಬರೆಸಿ.

ನಮ್ಮವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಕೇಳುವುದಕ್ಕೆ ನಮಗೆ ತುಂಬಾ ಸಂಕೋಚ. "ನಾವು ಹೇಗೋ ಮಾಡ್ಕೋತೀವಿ, ಬೇರೆಯವರಿಗೆ ಕೊಡಿ" ಅನ್ನುತ್ತೇವೆ. ಅದರ ಮೇಲೆ ವೀಸಾ ಭಯ. ಎಚ್-1ಬಿಯಲ್ಲಿ ಇರುವವರಿಗೆ ಕೇಂದ್ರ ಸರ್ಕಾರದ ಫೆಮಾ ಸಂಸ್ಥೆಯ ನಗದು ನೆರವು ಸಿಗುವುದಿಲ್ಲ ಎನ್ನುವುದು ನಿಜ. ಅದಕ್ಕೆ ಸಿಟಿಜನ್, ಗ್ರೀನ್ ಕಾರ್ಡ್ ಇರುವವರು, ಇಲ್ಲವೇ ಅಂಥದೇ ಕೆಲವು ವರ್ಗದವರು ಆಗಿರಬೇಕು. ಆದರೆ ಇಲ್ಲೇ ಹುಟ್ಟಿದ ಮಗು ನಿಮ್ಮ ಜೊತೆಗಿದ್ದರೆ, ಆ ಮಗುವಿನ ಹೆಸರಿನಲ್ಲಿ ತಂದೆ ತಾಯಿ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಬಿಟ್ಟ ಮನೆಗಳನ್ನು ನಾನು ನೋಡಿದ್ದೇನೆ, ಬೇಜಾರಾಗುತ್ತದೆ. ಆಶ್ರಯ, ಊಟ, ನೀರಿನಂಥ ತುರ್ತು ನೆರವಿಗೆ ವೀಸಾ ಅಡ್ಡಿಯಲ್ಲ. ಮೊದಲ ಪತ್ರದಲ್ಲಿ ಇಲ್ಲ ಅಂತ ಬಂದರೆ ಕೈಬಿಡಬೇಡಿ. ಎಷ್ಟೋ ಸಲ ಒಂದು ಕಾಗದ ಕಡಿಮೆ ಇರುತ್ತದೆ, ಅಷ್ಟೇ. 60 ದಿನದೊಳಗೆ ಅಪೀಲು ಹಾಕಬಹುದು. ಇಂಗ್ಲಿಷ್ ಫಾರಂ ತುಂಬಬಲ್ಲ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಬೀದಿಯಲ್ಲಿ ಕೂತರೆ, ಹಾರೆ ಹಿಡಿದವರಷ್ಟೇ ಉಪಕಾರ. ಬೆನ್ನುನೋವಿದೆ, ಭಾರ ಎತ್ತಲಾರೆ ಅನ್ನುವವರಿಗೆ ಇದು ಹೇಳಿ ಮಾಡಿಸಿದ ಕೆಲಸ.

ಹಳೇ ಬಟ್ಟೆ ಕಳಿಸಬೇಡಿ. ಒಣಗಿಸಲು, ವಿಂಗಡಿಸಲು ಜಾಗವೇ ಇರುವುದಿಲ್ಲ. ಕಸದ ದಪ್ಪ ಚೀಲ, ಗ್ಲೌಸ್, ಮಾಸ್ಕ್, ಫ್ಯಾನು, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್, ಗಿಫ್ಟ್ ಕಾರ್ಡ್ ಕೊಡಿ. ಊಟ ಕೊಡುವುದಾದರೆ ಒಂದು ಕೈಯಲ್ಲಿ ಹಿಡಿದು ತಿನ್ನುವಂಥದ್ದು. ಪ್ರವಾಹದ ನೀರು ನುಗ್ಗದ ಮನೆಯವರು ಬಟ್ಟೆ ಒಗೆದುಕೊಟ್ಟರೆ ಅದಕ್ಕಿಂತ ಇನ್ನೇನು ಬೇಕು? ನಮ್ಮ ಬಡಾವಣೆಯ ಹೆಂಗಸರು ಮುಳುಗಿದ ಮನೆಗಳಿಂದ ಬಟ್ಟೆ ಚೀಲ ತಂದು, ಒಗೆದು, ಮಡಿಸಿ, ಹೆಸರು ಬರೆದು ವಾಪಸ್ ಕೊಡುತ್ತಿದ್ದರು.

ಗೋಡೆ ಕಿತ್ತ ಮೇಲೆ ಅವಸರ ಬೇಡ. ಕೀಳುವಾಗ ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಮುಚ್ಚುವಾಗ ಎಷ್ಟು ತಾಳ್ಮೆಯೋ ಅಷ್ಟು ಒಳ್ಳೆಯದು. ಮರದ ಚೌಕಟ್ಟಿಗೆ ತೇವ ಅಳೆಯುವ ಮೀಟರ್ ಚುಚ್ಚಿ ನೋಡಿ. ಸುಮಾರು ಶೇಕಡಾ 15ಕ್ಕಿಂತ ಕೆಳಗೆ ಇಳಿಯದೆ ಹೊಸ ಡ್ರೈವಾಲ್ ಹಾಕಿಸಬೇಡಿ. ಇದಕ್ಕೆ ವಾರಗಳೇ ಹಿಡಿಯಬಹುದು. ಬೀದಿಗೆಲ್ಲ ಒಂದು ಮೀಟರ್ ಸಾಕು. ಬ್ಲೀಚ್ ಜೊತೆ ಅಮೋನಿಯಾ ಇರುವ ಯಾವುದನ್ನೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಈ ಹೊತ್ತಿಗೇ ಬೇರೆ ಊರುಗಳಿಂದ ಕಂಟ್ರಾಕ್ಟರುಗಳು ಟ್ರಕ್ ತಂದು ನಿಲ್ಲುತ್ತಾರೆ. ಟೆಕ್ಸಸ್‌ನಲ್ಲಿ ಜನರಲ್ ಕಂಟ್ರಾಕ್ಟರ್‌ಗೆ ರಾಜ್ಯದ ಲೈಸೆನ್ಸೇ ಇಲ್ಲ. ಪೂರ್ತಿ ದುಡ್ಡು ಮುಂಗಡ ಕೇಳಿದರೆ ಬಾಗಿಲು ಹಾಕಿ. ಒಳ್ಳೆಯವನು ಸಿಕ್ಕರೆ ನಾಲ್ಕು ಮನೆಯವರು ಸೇರಿ ಅವನಿಗೇ ಕೆಲಸ ಕೊಡಿ, ರೇಟೂ ಇಳಿಯುತ್ತದೆ, ಅವನು ಓಡಿಯೂ ಹೋಗುವುದಿಲ್ಲ.

ಆಮೇಲೆ ಬರುವುದು ನಾನು ಮೊದಲೇ ಹೇಳಿದ ಮೂರನೇ ತಿಂಗಳು. ಟಿವಿಯವರು ಹೋಗಿರುತ್ತಾರೆ. ಚರ್ಚಿನ ತಂಡಗಳು ಇನ್ನೊಂದು ಊರಿಗೆ ಹೊರಟಿರುತ್ತವೆ. ಹಾರ್ವಿ ಬಂದ ವರ್ಷವೇ ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾಕ್ಕೆ ಇರ್ಮಾ ಹರಿಕೇನ್, ಪೋರ್ಟೊ ರಿಕೊಗೆ ಮರಿಯಾ ಬಂತು, ದೇಶದ ಕಣ್ಣು ಅತ್ತ ಹೊರಳಿತು. ಇಲ್ಲಿ ಜನ ಮಹಡಿ ಮೇಲೆ ಒಂದು ಕೋಣೆಯಲ್ಲಿ ಸಂಸಾರ ಮಾಡುತ್ತ, ಬಾತ್‌ರೂಮಿನಲ್ಲಿ ಪಾತ್ರೆ ತೊಳೆಯುತ್ತ ಇದ್ದರು. ಮಳೆ ಜೋರಾದರೆ ಮಕ್ಕಳು ನಿದ್ದೆಯಿಂದ ಏಳುತ್ತಿದ್ದರು. ಆ ಟೀಚರ್ ತಮ್ಮ ಪಟ್ಟಿ ಎಸೆದಿರಲಿಲ್ಲ. ಡಿಸೆಂಬರ್‌ನಲ್ಲೂ ಫೋನ್ ಮಾಡಿ "ಅವರ ಮನೆಗೆ ಇನ್ನೂ ಬಾಗಿಲು ಕೂರಿಸಿಲ್ಲ, ಶನಿವಾರ ಯಾರು ಬರ್ತೀರಿ?" ಎಂದು ಕೇಳುತ್ತಿದ್ದರು. ನಿಮಗೆ ಒಂದೇ ಒಂದು ಕೆಲಸಕ್ಕೆ ಬಿಡುವಿದೆ ಅಂದರೆ ಈ ಹೊತ್ತಿಗೆ ಇಟ್ಟುಕೊಳ್ಳಿ.

ಎಲ್ಲ ಹರಿಕೇನ್‌ಗಳೂ ಹಾರ್ವಿಯಲ್ಲ. 2024ರ ಜುಲೈ 8ರಂದು ಬಂದ ಬೆರಿಲ್ ಕೆಟಗರಿ 1 ಅಷ್ಟೇ. ಆದರೆ ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಜಾಸ್ತಿ ಕಡೆ ಕರೆಂಟ್ ಹೋಯಿತು, ಸೆಕೆಗೇ ಜನ ಸತ್ತರು. ಅಂಥ ವಾರದಲ್ಲಿ ದಿನಕ್ಕೆರಡು ಸಲ ಒಂಟಿ ವೃದ್ಧರ ಬಾಗಿಲು ತಟ್ಟಿ, ಕರೆಂಟಿರುವ ಮನೆಗೆ ಕರೆದುಕೊಂಡು ಹೋಗಿ. ಜನರೇಟರನ್ನು ಮನೆಯಿಂದ ಕನಿಷ್ಠ 20 ಅಡಿ ದೂರ, ಬಯಲಲ್ಲೇ ಇಡಬೇಕು. ಗ್ಯಾರೇಜಿನಲ್ಲಿ ಬಾಗಿಲು ತೆರೆದಿಟ್ಟರೂ ಸಾಲದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಮಳೆಗಿಂತ ಮುಂಚೆ ನೀವು ಮಾಡಬೇಕಾದದ್ದು ಇಷ್ಟು. ಮಾಮೂಲಿ ಮನೆ ಇನ್ಶೂರೆನ್ಸ್ ಪ್ರವಾಹಕ್ಕೆ ಬರುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ಸರ್ಕಾರದ ಪ್ರವಾಹ ಪಾಲಿಸಿ ಸಾಮಾನ್ಯವಾಗಿ 30 ದಿನ ಆದ ಮೇಲೇ ಜಾರಿಗೆ ಬರುತ್ತದೆ, ಬಿರುಗಾಳಿ ಸುದ್ದಿ ಬಂದ ಮೇಲೆ ಕೊಂಡರೆ ಉಪಯೋಗವಿಲ್ಲ. ಬಾಡಿಗೆ ಮನೆಯಲ್ಲಿದ್ದರೂ ಸಾಮಾನುಗಳಿಗೆ ಮಾತ್ರ ಮಾಡಿಸಬಹುದು. ಈ ಶನಿವಾರವೇ ಎಡಬಲದ ಮನೆಯವರ ಫೋನ್ ನಂಬರ್ ತೆಗೆದುಕೊಳ್ಳಿ. ನಿಮ್ಮ ಮನೆ ಯಾವ ಬಯೂಗೆ ಹತ್ತಿರ, ಯಾವ ಜಲಾಶಯದ ಅಂಚಿನಲ್ಲಿದೆ ಎಂಬುದು ಹ್ಯಾರಿಸ್ ಕೌಂಟಿ ಪ್ರವಾಹ ನಿಯಂತ್ರಣ ಇಲಾಖೆಯ ಆನ್‌ಲೈನ್ ನಕ್ಷೆಯಲ್ಲಿ ಸಿಗುತ್ತದೆ. ವಿಳಾಸ ಹಾಕಿ ನೋಡಿ. ನಕ್ಷೆ ಅರ್ಥವಾಗದಿದ್ದರೆ ನಿಮ್ಮ ಬಡಾವಣೆಯ ಹೆಸರಷ್ಟೇ ಕಾಮೆಂಟಿನಲ್ಲಿ ಬರೆಯಿರಿ, ಓದುವುದು ಹೇಗೆ ಅಂತ ಹೇಳಿಕೊಡುತ್ತೇನೆ.