ವಿ.ಸಿ. ಮೇಷ್ಟ್ರೇ ಆಗಿರಬೇಕೇ?

ಹಾಸನದ ಓದುಗರೊಬ್ಬರ ಪತ್ರ: “ವಿಶ್ವವಿದ್ಯಾಲಯ ಎಂದರೆ ಇವತ್ತು ಕೋಟಿಗಟ್ಟಲೆ ವ್ಯವಹಾರ. ಅದಕ್ಕೆ ಒಳ್ಳೆಯ ಮ್ಯಾನೇಜರ್ ಬೇಕು. ಕುಲಪತಿ ಮೇಷ್ಟ್ರೇ ಆಗಿರಬೇಕು ಎಂದು ನಿಮಗೇಕೆ ಹಟ? ನಾನು ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ, ಪಿಎಚ್‌ಡಿಯನ್ನೂ ಮಾಡುತ್ತಿದ್ದೇನೆ. ನನ್ನ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಎಂಟು ತಿಂಗಳಿಂದ ಒಂದೇ ಟೇಬಲ್ ಮೇಲಿದೆ.”

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಫೈಲು ಓಡಬೇಕು, ಸಂಬಳ ಹೊತ್ತಿಗೆ ಆಗಬೇಕು, ಹಾಸ್ಟೆಲ್ ನಲ್ಲಿಯಲ್ಲಿ ನೀರು ಬರಬೇಕು. ಇದೆಲ್ಲ ಗೊತ್ತಿರುವವರು ಬೇಕೇ ಬೇಕು. ಅದಕ್ಕೇ ರಿಜಿಸ್ಟ್ರಾರ್ ಇದ್ದಾರೆ, ಹಣಕಾಸು ಅಧಿಕಾರಿ ಇದ್ದಾರೆ. ಆದರೆ 2025ರ ಜನವರಿಯಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಒಂದು ಕರಡು ನಿಯಮ ತಂದಿತು. ಕೈಗಾರಿಕೆಯಲ್ಲೋ ಸರ್ಕಾರಿ ಆಡಳಿತದಲ್ಲೋ ಹತ್ತು ವರ್ಷ ದೊಡ್ಡ ಹುದ್ದೆಯಲ್ಲಿದ್ದವರೂ ಕುಲಪತಿ ಆಗಬಹುದು ಎಂದು ಅದರಲ್ಲಿತ್ತು. ಓದಿದಾಗ ನನ್ನ ಕಾಫಿ ಆರಿಹೋಯಿತು.

ಮೈಸೂರನ್ನೇ ನೋಡಿ. 1916ರಲ್ಲಿ ವಿಶ್ವವಿದ್ಯಾಲಯ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಕಲ್ಕತ್ತೆಯಿಂದ ಬ್ರಜೇಂದ್ರನಾಥ ಸೀಲ್ ಕುಲಪತಿಯಾಗಿ ಬಂದರು. ಅಲ್ಲಿ ತತ್ವಶಾಸ್ತ್ರದ ಪೀಠದಲ್ಲಿ ಕೂತಿದ್ದ ದೊಡ್ಡ ವಿದ್ವಾಂಸರು. ಅವರು ಬಿಟ್ಟುಬಂದ ಪೀಠಕ್ಕೆ 1921ರಲ್ಲಿ ಹೋದವರು ಯಾರು? ನಮ್ಮ ಮಹಾರಾಜ ಕಾಲೇಜಿನ ರಾಧಾಕೃಷ್ಣನ್! ಆ ದಿನ ಹುಡುಗರು ಸಾರೋಟಿನ ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ಅವರನ್ನು ರೈಲ್ವೆ ಸ್ಟೇಷನ್‌ಗೆ ಕರೆದೊಯ್ದರು. ಬಜೆಟ್ ಚೆನ್ನಾಗಿ ಮಾಡಿದ ಯಾರ ಗಾಡಿಯನ್ನಾದರೂ ಹುಡುಗರು ಹೀಗೆ ಎಳೆದಿದ್ದಾರಾ?

ಮುಂದೆ ಅದೇ ಕಾಲೇಜಿನಲ್ಲಿ ಓದಿ, ಅಲ್ಲೇ ಕನ್ನಡ ಪಾಠ ಮಾಡಿದ ಕುವೆಂಪು 1956ರಲ್ಲಿ ಕುಲಪತಿಯಾದರು. ಎಂ.ಎ., ಎಂ.ಎಸ್ಸಿ. ಓದುವವರಿಗೆ ಬೇರೆಯದೇ ಜಾಗ ಬೇಕು ಅಂದರು. ಕುಕ್ಕರಹಳ್ಳಿ ಕೆರೆಯ ಪಕ್ಕ ಕ್ಯಾಂಪಸ್ ಎದ್ದಿತು. ಮಾನಸಗಂಗೋತ್ರಿ ಎಂಬ ಹೆಸರೂ ಅವರದೇ. ಈಗಾಗಿದ್ದರೆ ಪಿ.ಜಿ. ಬ್ಲಾಕ್, ಫೇಸ್ ಒನ್ ಅಂತಿದ್ದೆವು. ಈ ಮನುಷ್ಯ ತಮ್ಮ ರಾಮಾಯಣ ಮಹಾಕಾವ್ಯವನ್ನು ಅರ್ಪಿಸಿದ್ದು ರಾಜನಿಗಲ್ಲ, ಮಂತ್ರಿಗಲ್ಲ, ತಮಗೆ ಪಾಠ ಹೇಳಿದ ವೆಂಕಣ್ಣಯ್ಯ ಮೇಷ್ಟ್ರಿಗೆ. ಮೇಷ್ಟ್ರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ಇದೆಲ್ಲ ಸಾಹಿತ್ಯದವರ ಕಥೆ ಅನ್ನುತ್ತೀರಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬನ್ನಿ. ಸತೀಶ್ ಧವನ್ 1962ರಿಂದ 1981ರವರೆಗೆ ಅಲ್ಲಿ ನಿರ್ದೇಶಕರು. 1972ರಲ್ಲಿ ಇಸ್ರೋ ಹೊಣೆ ಬಂದಾಗಲೂ ಇನ್‌ಸ್ಟಿಟ್ಯೂಟ್ ಬಿಡುವುದಿಲ್ಲ ಎಂದು ಷರತ್ತು ಹಾಕಿದರು. ರಾಕೆಟ್ ಹಾರಿಸುವ ಕೆಲಸಕ್ಕಿಂತ ದೊಡ್ಡ ಮ್ಯಾನೇಜ್‌ಮೆಂಟ್ ಬೇಕಾ ನಿಮಗೆ?

ನನಗೇಕೆ ಹಟ ಅಂದಿರಲ್ಲ, ಹೇಳುತ್ತೇನೆ. ಬಹಳ ಹಿಂದೆ ನಾನೂ ಪಿಎಚ್‌ಡಿಗೆ ಹೆಸರು ಹಚ್ಚಿದ್ದೆ. ಎಲ್ಲಿ ಅಂತ ಕೇಳಬೇಡಿ. ಮೊದಲ ಅಧ್ಯಾಯ ಗೈಡ್‌ಗೆ ಕೊಟ್ಟೆ. ಕೊಡುವಾಗ ಕಿಡಿಗೇಡಿತನದಿಂದ ಹದಿನೇಳನೇ ಹಾಳೆಯನ್ನು ತಲೆಕೆಳಗು ಮಾಡಿ ಸೇರಿಸಿದ್ದೆ. ಏಳು ತಿಂಗಳಿಗೆ ಅಧ್ಯಾಯ ವಾಪಸ್ ಬಂತು. ಮೇಲೆ ಹಸಿರು ಇಂಕಿನ ಸಹಿ, ‘ಚೆನ್ನಾಗಿದೆ’ ಎಂಬ ಷರಾ. ಹದಿನೇಳನೇ ಹಾಳೆ ಹಾಗೇ ತಲೆಕೆಳಗಾಗಿ ಮಲಗಿತ್ತು. ಪಿಎಚ್‌ಡಿ ಅಲ್ಲಿಗೇ ಮುಗಿಯಿತು.

ಈಗ ನಿಯಮಕ್ಕೇನೂ ಬರವಿಲ್ಲ. 2022ರ ಯುಜಿಸಿ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಆರು. ಪ್ರೊಫೆಸರ್ ಒಂದು ಹೊತ್ತಿಗೆ ಎಂಟು ಜನರಿಗೆ ಗೈಡ್ ಆಗಬಹುದು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು. ಗೈಡ್ ಹಾಳೆ ತಿರುವಿ ಓದಿದನೇ ಎಂದು ನೋಡುವ ಕಾಲಂ ಯಾವ ಫಾರಂನಲ್ಲೂ ಇಲ್ಲ. ತಾನೇ ನಾಲ್ಕು ಹುಡುಗರ ಕರಡು ತಿದ್ದಿದ ಕುಲಪತಿ ಮಾತ್ರ ಕಾರಿಡಾರ್‌ನಲ್ಲಿ ನಿಲ್ಲಿಸಿ, “ಏನ್ರೀ, ಆ ಹುಡುಗಿಯ ಮೂರನೇ ಅಧ್ಯಾಯ ಎಲ್ಲಿಗೆ ಬಂತು?” ಅಂತ ಕೇಳಬಲ್ಲ.

ಇನ್ನು ಮೇಷ್ಟ್ರುಗಳನ್ನು ತಯಾರು ಮಾಡುವ ಕಥೆ. 1986ರ ಶಿಕ್ಷಣ ನೀತಿಯ ಬೆನ್ನಿಗೆ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಬಂದವು. ಆಮೇಲೆ ಅವು ಮಾನವ ಸಂಪನ್ಮೂಲ ಕೇಂದ್ರಗಳಾದವು. 2023ರಲ್ಲಿ ಮಾಳವೀಯ ಮಿಷನ್ ಎಂಬ ಬೋರ್ಡ್ ಬಂತು. ಬೋರ್ಡ್ ಬರೆಯುವವನಿಗೆ ಒಳ್ಳೆಯ ವ್ಯಾಪಾರ! ಒಳಗೆ ಅದೇ ಟೀ, ಗೋಡಂಬಿ ಬಿಸ್ಕತ್ತು, ಗ್ರೂಪ್ ಫೋಟೋ. ಕೋರ್ಸ್ ಮುಗಿಸದಿದ್ದರೆ ಬಡ್ತಿ ಇಲ್ಲ, ಅದಕ್ಕೇ ಹೋಗುತ್ತಾರೆ. ಸಾವಿರಾರು ಅತಿಥಿ ಉಪನ್ಯಾಸಕರಿಗೆ ಆ ಬಡ್ತಿಯ ಆಸೆಯೂ ಇಲ್ಲ. ನಮ್ಮ ಡಿಗ್ರಿ ಕಾಲೇಜುಗಳು ನಿಂತಿರುವುದೇ ಅವರ ಹೆಗಲ ಮೇಲೆ, ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಅವರಿಗೆ ಯಾವ ಮಿಷನ್ನು?

ನೋಡಿ, ಎಲ್ಲಿಂದ ಎಲ್ಲಿಗೋ ಬಂದೆ. ನೀವು ಜಾಣರು, ಪತ್ರದ ಕನ್ನಡವೇ ಹೇಳುತ್ತದೆ. ಆದರೆ ನಿಮ್ಮ ಸಿನಾಪ್ಸಿಸ್ ಎಂಟು ತಿಂಗಳು ಕೂತಿರುವುದು ಮ್ಯಾನೇಜರ್ ಇಲ್ಲದ್ದಕ್ಕಲ್ಲ, ಓದುವವರು ಇಲ್ಲದ್ದಕ್ಕೆ. ಒಂದು ಪ್ರತಿ ನನಗೆ ಕಳಿಸಿ. ನಿಮ್ಮ ವಿಷಯ ನನಗೆ ಅಷ್ಟಾಗಿ ತಿಳಿಯದೇ ಇರಬಹುದು, ಆದರೂ ತಲೆಕೆಳಗಾದ ಹಾಳೆ ಇದ್ದರೆ ತಿರುಗಿಸಿ ಕಳಿಸುತ್ತೇನೆ.

– ಸಂ.