ಕಾರಿಗೆ ಕೋಲ್ಡ್ ಏರ್ ಇಂಟೇಕ್ ಹಾಕಿಸಿದ್ದೇನೆ, ಮಳೆಗೆ ಫಿಲ್ಟರ್ ಮೇಲೆ ಯಾವ ಕವರ್ ಹಾಕಲಿ?

ಅಂದರೆ ಎಂಜಿನ್ನಿಗೆ ಹೊರಗಿನ ತಂಪು ಗಾಳಿ ಎಳೆಯೋ ಪೈಪಿನ ತುದಿಗೆ, ಬಂಪರ್ ಒಳಗೆ, ಫಾಗ್ ಲ್ಯಾಂಪಿನ ಹಿಂದೆ ಕೂತಿರೋ ಕೋನ್ ಫಿಲ್ಟರ್ ತಾನೆ? ನನ್ನ 1.2 ಪೆಟ್ರೋಲ್ ಗಾಡಿಯಲ್ಲೂ ಅಲ್ಲೇ ಇತ್ತು, ಮೇಲೆ ಕವರೂ ಇತ್ತು. ಬಳ್ಳಾರಿಯ ಒಂದು ರೈಲ್ವೆ ಅಂಡರ್‌ಪಾಸ್‌ನಲ್ಲಿ ಕವರ್ ಸಮೇತ ನಿಂತಿತು. ಆದರೆ ಎಂಜಿನ್ ಇಳಿಸುವಂತಾಗಿದ್ದು ಆ ನೀರಿನಿಂದಲ್ಲ, ನಿಂತ ಮೇಲೆ ಹೊಡೆದ ಸೆಲ್ಫ್‌ನಿಂದ. ಕವರಿನ ಮಾತು ಆಮೇಲೆ, ಮೊದಲು ಇದನ್ನು ಕೇಳಿ.

1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಅಂದರೆ ಒಂದೊಂದು ಬೋರಿಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿಗೆ, ಸುಮಾರು 300 ಸಿಸಿ. ಕಂಪ್ರೆಷನ್ 10ಕ್ಕೆ 1 ಇದ್ದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 33 ಸಿಸಿ. ಡೀಸೆಲ್ ಆದರೆ 20 ಸಿಸಿಯೂ ಇರುವುದಿಲ್ಲ, ನಾಲ್ಕು ಟೀ ಚಮಚ ಅಂದುಕೊಳ್ಳಿ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಆ ಜಾಗಕ್ಕಿಂತ ಹೆಚ್ಚು ನೀರು ಬೋರಿನಲ್ಲಿ ಇದ್ದರೆ ಪಿಸ್ಟನ್ ಮೇಲೇರಲಾರದು, ಕೆಳಗಿನಿಂದ ಅದನ್ನು ತಳ್ಳುತ್ತಿರುವ ಕನೆಕ್ಟಿಂಗ್ ರಾಡ್ ಬೆಂಡ್ ಆಗುತ್ತದೆ.

ನಿಧಾನಕ್ಕೆ ಹೋಗುವಾಗ ಫಿಲ್ಟರ್ ಮುಳುಗಿದರೆ ಎಷ್ಟೋ ಸಲ ಎಂಜಿನ್ ಉಸಿರುಕಟ್ಟಿ ತಾನೇ ಆಫ್ ಆಗುತ್ತದೆ. ಆಗ ನೀರು ಇನ್ನೂ ಪೈಪಿನಲ್ಲಿ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡ್‌ನಲ್ಲಿ ನಿಂತಿರುತ್ತದೆ. ಎಂಜಿನ್ ಉಳಿದಿರುತ್ತದೆ. ಸುತ್ತ ನಿಂತವರು "ಇನ್ನೊಂದ್ ಸಲ ಸೆಲ್ಫ್ ಹೊಡೀರಿ ಅಣ್ಣಾ" ಅನ್ನುತ್ತಾರೆ. ಒಂದು ಸೆಲ್ಫ್ ಸಾಕು, ಪೈಪಿನಲ್ಲಿದ್ದ ನೀರು ಬೋರಿಗೆ ಇಳಿಯುತ್ತದೆ. ಬರೀ ಸ್ಟಾರ್ಟರ್ ಶಕ್ತಿಯೇ ಆದರೆ ಕೆಲವೊಮ್ಮೆ ಟಕ್ ಅಂತ ನಿಂತು ರಾಡ್ ಬಚಾವಾಗುತ್ತದೆ. ಆದರೆ ಪಕ್ಕದ ಒಣ ಸಿಲಿಂಡರ್ ಒಂದು ಫೈರ್ ಆಯಿತೋ, ಆ ಹೊಡೆತ ನೀರು ತುಂಬಿದ ಬೋರಿನ ರಾಡನ್ನು ಬಗ್ಗಿಸಿಬಿಡುತ್ತದೆ. ಗೇರಿಗೆ ಹಾಕಿ ತಳ್ಳಿ ಸ್ಟಾರ್ಟ್ ಮಾಡಿದರೂ ಇದೇ ಕಥೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ರಾಡ್ ಸ್ವಲ್ಪ ಬಾಗಿದ ಎಂಜಿನ್ ಸ್ಟಾರ್ಟ್ ಆಗಬಹುದು. ಐಡಲ್‌ನಲ್ಲಿ ಒಂಚೂರು ಮಿಸ್ ಹೊಡೆಯುತ್ತದೆ, ಅಷ್ಟೇ. ಪಿಸ್ಟನ್ ಮೊದಲಿನ ಎತ್ತರಕ್ಕೆ ಬರದೆ ಆ ಬೋರಿನ ಕಂಪ್ರೆಷನ್ ಇಳಿದಿರುತ್ತದೆ. "ಏನೂ ಆಗಿಲ್ಲ" ಅಂತ ಹಾಗೇ ಓಡಿಸಿದರೆ ಮುಂದೆ ಎಂದೋ ಹೈವೇಯಲ್ಲಿ ರಾಡ್ ಮುರಿದು ಬ್ಲಾಕ್ ತೂತು ಮಾಡಿಕೊಂಡು ಹೊರಬರುತ್ತದೆ. ಒಂದು ರಾಡಿನ ಖರ್ಚು ಪೂರ್ತಿ ಎಂಜಿನ್ ಖರ್ಚಾಗುತ್ತದೆ.

ಈಗ ಕವರ್. ಫಿಲ್ಟರ್ ಮೇಲೆ ಹೊದಿಸುವ, ನೀರು ಅಂಟದ ಬಟ್ಟೆಯ ಚೀಲ ಒಳ್ಳೆಯದೇ. ಚಕ್ರ ಎರಚುವ ನೀರು, ಮುಂದಿನ ಲಾರಿಯ ಸಿಂಪಡಿಕೆ, ಕೆಸರು ಎಲ್ಲವನ್ನೂ ತಡೆಯುತ್ತದೆ. ಅಷ್ಟು ನೀರು ಮೊದಲೇ ಎಂಜಿನ್ನಿಗೆ ತೊಂದರೆಯಲ್ಲ, ನಾಲ್ಕು ಹನಿ ಒಳಗೆ ಹೋದರೆ ಆವಿಯಾಗಿ ಸೈಲೆನ್ಸರ್‌ನಿಂದ ಹೊರಟುಹೋಗುತ್ತದೆ. ಮುಳುಗಿದರೆ ಮಾತ್ರ ಯಾವ ಚೀಲವೂ ಕೆಲಸಕ್ಕೆ ಬಾರದು. ಮೇಲೆ ಹೇಳಿದ 1.2 ಲೀಟರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 30 ಲೀಟರ್ ಗಾಳಿ ಎಳೆಯುತ್ತದೆ. "ಪೈಪ್ ಎರಡು ಅಡಿ ಮೇಲಕ್ಕೆ ಏರುತ್ತದೆ, ನೀರು ಹತ್ತಲ್ಲ" ಅನ್ನುವವರಿಗೆ ಒಂದು ಲೆಕ್ಕ: 1 ಕಿಲೋಪಾಸ್ಕಲ್ ನಿರ್ವಾತ ನೀರನ್ನು 10 ಸೆಂಟಿಮೀಟರ್ ಎತ್ತುತ್ತದೆ. ಗಾಳಿಯ ದಾರಿ ಪೂರ್ತಿ ಮುಚ್ಚಿದಾಗ ಎಂಜಿನ್ ಎಳೆತ ಹತ್ತಾರು ಕಿಲೋಪಾಸ್ಕಲ್. ಎರಡು ಅಡಿ ಯಾವ ಲೆಕ್ಕ!

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೇಕಿರುವುದು ಕವರ್ ಅಲ್ಲ, ಫಿಲ್ಟರ್ ಇರುವ ಜಾಗ ಬದಲಾಗಬೇಕು. ಕಂಪನಿಯ ಹಳೆಯ ಏರ್ ಬಾಕ್ಸ್ (ಫಿಲ್ಟರ್ ಇರುವ ಪ್ಲಾಸ್ಟಿಕ್ ಡಬ್ಬಿ) ಮಾರಿರದಿದ್ದರೆ ಜೂನ್‌ನಿಂದ ನವೆಂಬರ್‌ವರೆಗೆ ಅದನ್ನೇ ವಾಪಸ್ ಕೂರಿಸಿ. ಅದರ ಬಾಯಿ ಸಾಮಾನ್ಯವಾಗಿ ಗ್ರಿಲ್‌ನ ಮೇಲ್ಭಾಗದಲ್ಲಿ, ಹೆಡ್‌ಲೈಟ್ ಹಿಂದೆ ಇರುತ್ತದೆ. ಒಳಗೆ ಗಾಳಿ ತಿರುಗುವ ಕಡೆ ನೀರು ಬೇರೆಯಾಗಿ ತಳದ ತೂತಿನಿಂದ ಇಳಿದುಹೋಗುತ್ತದೆ. ಶಬ್ದ ಕಡಿಮೆಯಾಗುತ್ತದೆ, ನಿಜ. ಪಿಕಪ್‌ನಲ್ಲಿ ನಿಮಗೆ ವ್ಯತ್ಯಾಸ ಗೊತ್ತಾಗುವುದೂ ಅನುಮಾನ.

ಇಲ್ಲ, ಕೋನ್ ಫಿಲ್ಟರೇ ಬೇಕು ಅಂದರೆ ಪೈಪನ್ನು ಗಿಡ್ಡ ಮಾಡಿಸಿ ಬಾನೆಟ್ ಕೆಳಗೇ, ಬ್ಯಾಟರಿ ಎತ್ತರಕ್ಕೆ ತನ್ನಿ. ಬಿಸಿ ಗಾಳಿ ಎಳೆಯುತ್ತದೆ, ಎಳೆಯಲಿ. ಎಂಜಿನ್ ಕಡೆಗೆ ಒಂದು ಅಲ್ಯೂಮಿನಿಯಂ ತಗಡು ಅಡ್ಡ ಕೊಡಿ, ಫಿಲ್ಟರ್‌ಗೂ ತಗಡಿಗೂ ನಡುವೆ 4 ರಿಂದ 5 ಸೆಂಟಿಮೀಟರ್ ಸಂದು ಬಿಡಿ. ನೀರು ಇಳಿಯಲಿ ಅಂತ ಪೈಪಿನ ತಗ್ಗಿಗೆ ಡ್ರಿಲ್ ಹಾಕುವವರಿದ್ದಾರೆ, ಬೇಡ. ಕಂಪನಿ ಬಾಕ್ಸಿನ ತೂತು ಫಿಲ್ಟರ್‌ನ ಹೊರಮಗ್ಗುಲಲ್ಲಿರುತ್ತದೆ. ಪೈಪಿನ ತೂತು ಫಿಲ್ಟರ್ ದಾಟಿದ ಮೇಲೆ, ಅಲ್ಲಿಂದ ಧೂಳು ನೇರ ಬೋರಿಗೆ. ಸಂಡೂರು, ತೋರಣಗಲ್ಲು ಕಡೆ ಓಡಾಡುವವರಿಗೆ ಆ ಕೆಂಪು ಅದಿರಿನ ಧೂಳು ಬೋರನ್ನು ಏನು ಮಾಡುತ್ತದೆ ಅಂತ ಹೇಳಬೇಕಿಲ್ಲ. ಮುಳುಗಿದಾಗ ಮೇಲಿನಿಂದ ಗಾಳಿ ಬಿಡುವ ಬೈಪಾಸ್ ವಾಲ್ವ್ ಅಂತ ಸಿಗುತ್ತದೆ, ಟರ್ಬೊ ಗಾಡಿಗೆ ಅದು ಆಗದು.

ಫಿಲ್ಟರ್‌ನ ಕೆಳ ಅಂಚಿನಿಂದ ನೆಲಕ್ಕೆ ಟೇಪ್ ಹಿಡಿದು ಅಳೆಯಿರಿ. 30 ಸೆಂಟಿಮೀಟರ್ ಬಂದರೆ 30ರ ನೀರಿಗೆ ಇಳಿಯಬಹುದು ಅಂತಲ್ಲ. ಬಂಪರ್ ಮುಂದೆ ಅಲೆ ಏಳುತ್ತದೆ, ಎದುರಿನ ಲಾರಿ ಅದಕ್ಕಿಂತ ದೊಡ್ಡ ಅಲೆ ತಳ್ಳುತ್ತದೆ. ಅರ್ಧ ಎತ್ತರ ನನ್ನ ಮಿತಿ, ಅದೂ ಫಸ್ಟ್ ಗೇರಿನಲ್ಲಿ, ನಡೆಯುವವರ ವೇಗದಲ್ಲಿ. ಹೊಳೆ ಬಂದಾಗ ಕಂಪ್ಲಿ ಗಂಗಾವತಿ ಸೇತುವೆಗೆ ಬ್ಯಾರಿಕೇಡ್ ಹಾಕುತ್ತಾರೆ, ಅಲ್ಲಿ ಮೋಸವಿಲ್ಲ. ಆಳ ಕಾಣದಿರುವುದು ಊರೊಳಗಿನ ಅಂಡರ್‌ಪಾಸ್‌ನಲ್ಲಿ, ಎರೆಹೊಲದ ರಸ್ತೆಗೆ ಅಡ್ಡ ಹರಿಯುವ ಹಳ್ಳದಲ್ಲಿ.

ನೆನೆದ ಕಾಟನ್ ಫಿಲ್ಟರನ್ನು ಅದರ ಕ್ಲೀನರ್‌ನಿಂದ ತೊಳೆದು, ಒಳಗಿನಿಂದ ಹೊರಕ್ಕೆ ನೀರು ಬಿಟ್ಟು, ನೆರಳಲ್ಲಿ ಒಣಗಿಸಿ. ಕಂಪ್ರೆಸರ್ ಗಾಳಿ ಹೊಡೆದರೆ ಬಟ್ಟೆ ಹರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮಡಿಕೆಗಳಿಗೆ ತೆಳ್ಳಗೆ ಎಣ್ಣೆ ಕೊಡಿ. ಜಾಸ್ತಿಯಾದರೆ ಒಳಹೋಗುವ ಗಾಳಿಯನ್ನು ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ತಂತಿಗೆ ಎಣ್ಣೆ ಕೂತು ಐಡಲ್ ಕೆಡುತ್ತದೆ.

ನೀರಲ್ಲಿ ನಿಂತೇಬಿಟ್ಟರೆ ಕೀ ಆಫ್, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ನ್ಯೂಟ್ರಲ್‌ನಲ್ಲಿ ತಳ್ಳಿ ಹೊರಗೆ ತನ್ನಿ. ಇಂಟೇಕ್ ಪೈಪಿನೊಳಗೆ ಕೈಹಾಕಿ ನೋಡಿ, ಒದ್ದೆ ಇದ್ದರೆ ಗ್ಯಾರೇಜೇ ಗತಿ. ಅಲ್ಲಿ ನಾಲ್ಕೂ ಪ್ಲಗ್ ಬಿಚ್ಚಿಸಿ, ಇಗ್ನಿಷನ್ ಕನೆಕ್ಟರ್ ಮತ್ತು ಫ್ಯೂಯೆಲ್ ಪಂಪ್ ಫ್ಯೂಸ್ ತೆಗೆಸಿ, ಮೊದಲು ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಲಿ. ಆಮೇಲೆ ಸೆಲ್ಫ್, ಪ್ಲಗ್ ತೂತಿನಿಂದ ನೀರು ಚಿಮ್ಮುತ್ತದೆ, ಮುಖ ದೂರ ಇಡಿ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಿಸಿ. ಸ್ಟಾರ್ಟ್ ಮಾಡುವ ಮುಂಚೆ ನಾಲ್ಕೂ ಬೋರಿನ ಕಂಪ್ರೆಷನ್ ಅಳೆದು ಬರೆಸಿಕೊಳ್ಳಿ. ಒಂದು ಮಾತ್ರ ಎದ್ದು ಕಾಣುವಷ್ಟು ಕಡಿಮೆ ಇದ್ದರೆ ಅಲ್ಲೇ ನಿಲ್ಲಿಸಿ.

ಪಾಲಿಸಿಯಲ್ಲಿ ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇದೆಯಾ ನೋಡಿ, ಮಾಮೂಲಿ ಪಾಲಿಸಿ ಎಂಜಿನ್‌ಗೆ ನೀರು ಹೋಗಿ ಆದ ನಷ್ಟವನ್ನು ಸಾಮಾನ್ಯವಾಗಿ ಕಟ್ಟಿಕೊಡುವುದಿಲ್ಲ. ಈ ಇಂಟೇಕ್ ಹಾಕಿಸಿದ್ದನ್ನು ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ. ತಿಳಿಸದಿದ್ದರೆ ಆಡ್-ಆನ್ ಇದ್ದರೂ ಕ್ಲೇಮ್ ತಿರಸ್ಕರಿಸಲು ಅವರಿಗೆ ಅದೇ ಕಾರಣ ಸಿಗುತ್ತದೆ.