ಸಮುದಾಯ ಪ್ರಶಸ್ತಿ: ವೇದಿಕೆ ಏರುವ ಮುಂಚಿನ ಕೆಲಸ

ಸ್ಥಳೀಯ ಉದ್ಯಮಿಗಳನ್ನೂ ಸ್ವಯಂಸೇವಕರನ್ನೂ ವರ್ಷಕ್ಕೊಮ್ಮೆ ಗೌರವಿಸುವ ಸಂಘಗಳವರ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ಪ್ರತಿವರ್ಷ ಅವೇ ನಾಲ್ಕಾರು ಹೆಸರುಗಳು ಬರುತ್ತವೆ. ಹೊಸಬರ ಹೆಸರು ಬರುವಂತೆ ಮಾಡುವುದು ಹೇಗೆ?

ಮೊದಲು ನಿಮ್ಮ ನಾಮನಿರ್ದೇಶನದ ಅರ್ಜಿಯನ್ನು ತೆಗೆದು ನೋಡಿ. ‘ಇವರ ಸಾಧನೆಯನ್ನು ವಿವರಿಸಿ’ ಎಂದು ದೊಡ್ಡ ಖಾಲಿ ಜಾಗ ಬಿಟ್ಟಿದ್ದರೆ ತೊಡಕು ಅಲ್ಲೇ ಇದೆ. ಚೆನ್ನಾಗಿ ಬರೆಯಬಲ್ಲವರ ಗೆಳೆಯರು ಮುಂದೆ ಬರುತ್ತಾರೆ, ಉಳಿದವರು ಕಾಣುವುದೇ ಇಲ್ಲ. ಆ ಜಾಗದಲ್ಲಿ ನಾಲ್ಕು ಚಿಕ್ಕ ಪ್ರಶ್ನೆ ಹಾಕಿ: ಏನು ಮಾಡಿದರು? ಯಾವಾಗಿನಿಂದ, ಎಷ್ಟು ಸಲ? ಅದರಿಂದ ಯಾರಿಗೆ ಏನು ಬದಲಾಯಿತು? ಇದನ್ನು ಕಣ್ಣಾರೆ ಕಂಡ, ನೆಂಟರಲ್ಲದ ಇಬ್ಬರು ಯಾರು? ಒಂದೊಂದಕ್ಕೆ 75 ಪದ ಮೀರದಿರಲಿ.

‘ನಿಸ್ವಾರ್ಥ ಸೇವಾಜೀವಿ, ಸರಳ ಸಜ್ಜನ’ ಎಂಬ ಮಾತಿಗೆ ಯಾವ ತೀರ್ಪುಗಾರರೂ ಅಂಕ ಕೊಡಲಾರರು. ‘14 ತಿಂಗಳಿಂದ ಪ್ರತಿ ಶನಿವಾರ ಎರಡು ಗಂಟೆ ಗ್ರಂಥಾಲಯದಲ್ಲಿ ಕೂತು, ವಯಸ್ಸಾದವರಿಗೆ ಪಿಂಚಣಿ ಅರ್ಜಿ ತುಂಬಿಕೊಡುತ್ತಾರೆ’ ಎಂಬುದಕ್ಕೆ ಕೊಡಬಹುದು, ಹೋಗಿ ವಿಚಾರಿಸಲೂಬಹುದು.

ಬರೆಯಲು ಹಿಂಜರಿಯುವವರು ಫೋನಿನಲ್ಲಿ ಹೇಳಲಿ, ನಿಮ್ಮವರೊಬ್ಬರು ಬರೆದುಕೊಂಡು ಅವರಿಗೆ ಓದಿ ಹೇಳಲಿ. ಅರ್ಜಿ ಬರಲೆಂದು ಕಾಯುತ್ತಾ ಕೂರಬೇಡಿ. ಶಾಲೆ, ಆಸ್ಪತ್ರೆ, ರಕ್ತನಿಧಿ, ಗ್ರಂಥಾಲಯಗಳಿಗೆ ನೀವೇ ಹೋಗಿ, ‘ಇಲ್ಲಿ ಯಾರು ಬರದಿದ್ದರೆ ಕೆಲಸ ನಿಲ್ಲುತ್ತದೆ?’ ಎಂದು ಕೇಳಿ. ಲೆಕ್ಕ ಬರೆಯುವವರು, ಬೀಗ ತೆಗೆದು ಹಾಕುವವರು, ಕುರ್ಚಿ ಜೋಡಿಸುವವರ ಹೆಸರು ಹೊರಬರುವುದು ಈ ಒಂದು ಪ್ರಶ್ನೆಯಿಂದಲೇ. ಒಮ್ಮೆ ಪ್ರಶಸ್ತಿ ಪಡೆದವರು ಮೂರು ವರ್ಷ ಅದೇ ವಿಭಾಗಕ್ಕೆ ಬರುವಂತಿಲ್ಲ ಎಂಬ ನಿಯಮವನ್ನೂ ಸೇರಿಸಿ.

ಪ್ರಶ್ನೆ: ತೀರ್ಪುಗಾರರ ಅಂಕಗಳನ್ನು ಕೂಡಿ, ಹೆಚ್ಚು ಬಂದವರಿಗೆ ಕೊಟ್ಟೆವು. ಇಬ್ಬರು ತೀರ್ಪುಗಾರರು ಫಲಿತಾಂಶವನ್ನು ಒಪ್ಪಲಿಲ್ಲ. ಎಲ್ಲಿ ತಪ್ಪಿತು?

ಕೂಡಿದ್ದೇ ತಪ್ಪಿರಬಹುದು. ಮೂವರು ತೀರ್ಪುಗಾರರು, ಇಬ್ಬರು ಅಭ್ಯರ್ಥಿಗಳು ಎಂದುಕೊಳ್ಳಿ. ಮೊದಲ ಅಭ್ಯರ್ಥಿಗೆ 8, 8, 4 ಬಂದಿದೆ. ಎರಡನೆಯವರಿಗೆ 7, 7, 9. ಕೂಡಿದರೆ 20 ಮತ್ತು 23, ಎರಡನೆಯವರು ಗೆದ್ದರು. ಆದರೆ ಮೂವರಲ್ಲಿ ಇಬ್ಬರು ಮೆಚ್ಚಿದ್ದು ಮೊದಲನೆಯವರನ್ನು! ಕೈಬಿಚ್ಚಿ ಅಂಕ ಕೊಡುವ, ಕೈಬಿಚ್ಚಿ ಕಳೆಯುವ ಒಬ್ಬರೇ ಇಡೀ ಸಮಿತಿಯ ತೀರ್ಮಾನವನ್ನು ತಿರುಗಿಸಿಬಿಟ್ಟರು.

ಹಾಗಾಗಿ ಅಂಕಗಳ ಬದಲು ಪ್ರತಿ ತೀರ್ಪುಗಾರರು ಕೊಟ್ಟ ಸ್ಥಾನಗಳನ್ನು ಕೂಡಿ. ಮೊದಲನೆಯವರಿಗೆ 1+1+2, ಅಂದರೆ 4. ಎರಡನೆಯವರಿಗೆ 2+2+1, ಅಂದರೆ 5. ಕಡಿಮೆ ಮೊತ್ತದವರು ಮುಂದೆ. ಐವರು ತೀರ್ಪುಗಾರರಿದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಇಬ್ಬರಾದರೂ ಸಂಘದ ಹೊರಗಿನವರಿರಲಿ. ಎಲ್ಲರೂ ಮನೆಯಲ್ಲಿ ಒಬ್ಬೊಬ್ಬರೇ ಅಂಕ ಹಾಕಿ ಕಳಿಸಲಿ, ಸಭೆ ಆಮೇಲೆ. ಮೊದಲೇ ಕೂತು ಮಾತಾಡಿದರೆ ಹಿರಿಯರು ಬಾಯಿಬಿಟ್ಟ ಕೂಡಲೇ ಉಳಿದವರ ಪೆನ್ನು ಅತ್ತ ವಾಲುತ್ತದೆ. ನೆಂಟರು, ಪಾಲುದಾರರು, ಸಾಲ ಕೊಟ್ಟವರು ಅಥವಾ ಪಡೆದವರು ಅಭ್ಯರ್ಥಿಯಾಗಿದ್ದರೆ ತೀರ್ಪುಗಾರರು ಆ ವಿಭಾಗಕ್ಕೆ ಅಂಕ ಹಾಕದೆ ಕೋಣೆಯಿಂದ ಹೊರಗಿರಬೇಕು. ಇದನ್ನು ನಡಾವಳಿಯಲ್ಲಿ ಬರೆದಿಡಿ.

ಪ್ರಶ್ನೆ: ‘ಉತ್ತಮ ಉದ್ಯಮಿ’ಗೆ ಯಾವುದನ್ನು ಅಳೆಯಬೇಕು? ವಹಿವಾಟನ್ನೇ?

ವಹಿವಾಟನ್ನು ಅಳೆದರೆ ಅತಿ ದೊಡ್ಡ ಅಂಗಡಿಗೆ ಪ್ರತಿವರ್ಷ ಬಹುಮಾನ ಕೊಟ್ಟಂತಾಗುತ್ತದೆ. ನಮ್ಮ ಸಲಹೆ: 100ರಲ್ಲಿ 35 ಅಂಕ ಕೆಲಸಗಾರರನ್ನು ನಡೆಸಿಕೊಳ್ಳುವ ರೀತಿಗೆ, ಅಂದರೆ ಹೊತ್ತಿಗೆ ಸಂಬಳ, ರಜೆ, ಸುರಕ್ಷತೆ, ಕೆಲಸ ಕಲಿಸುವಿಕೆಗೆ. 25 ಗಿರಾಕಿಗಳೊಡನೆಯ ಪ್ರಾಮಾಣಿಕತೆಗೆ, 25 ಸಮುದಾಯಕ್ಕೆ ಕೊಟ್ಟದ್ದಕ್ಕೆ, 15 ಹೊಸತನಕ್ಕೆ. ಮಾಲೀಕರ ಮಾತಷ್ಟೇ ಸಾಲದು. ಒಬ್ಬ ಕೆಲಸಗಾರ ಮತ್ತು ಸರಕು ಪೂರೈಸುವ ಒಬ್ಬರೊಡನೆ, ಮಾಲೀಕರಿಲ್ಲದಾಗ ಮಾತಾಡಿ. ಬಿಲ್ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆಸುವ ಅಂಗಡಿ ಹೊರಗಿನಿಂದ ಗೊತ್ತಾಗುವುದಿಲ್ಲ, ಪೂರೈಕೆದಾರರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಖರ್ಚಿನ ಅರ್ಧ ಹೊತ್ತ ಪ್ರಾಯೋಜಕರೇ ಈ ಸಲ ಅಭ್ಯರ್ಥಿ. ಏನು ಮಾಡೋಣ?

ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಅವರಿಗೇ ಹೇಳಿ. ನಿಜಕ್ಕೂ ಯೋಗ್ಯರಾಗಿದ್ದರೂ, ಹಣ ಕೊಟ್ಟು ಪಡೆದರೆಂಬ ಮಾತು ಅವರನ್ನೇ ಕಾಡುತ್ತದೆ. ಆ ವರ್ಷದ ಪ್ರಾಯೋಜಕರು ಅಭ್ಯರ್ಥಿಯೂ ಅಲ್ಲ, ತೀರ್ಪುಗಾರರೂ ಅಲ್ಲ ಎಂಬ ಸಾಲು ಹಣ ಪಡೆಯುವ ಮುಂಚೆಯೇ ಪತ್ರದಲ್ಲಿರಬೇಕು.

ಪ್ರಶ್ನೆ: ಸ್ವಯಂಸೇವಕರ ಗಂಟೆಗಳನ್ನು ಲೆಕ್ಕ ಹಾಕಬೇಕೆ?

ದಾಖಲೆಗೆ ಹಾಕಿ, ಅದೇ ಅಳತೆಗೋಲಾಗುವುದು ಬೇಡ. ನಿವೃತ್ತರು ವಾರಕ್ಕೆ 20 ಗಂಟೆ ಕೊಡಬಲ್ಲರು. ಪಾಳಿಯಲ್ಲಿ ದುಡಿದು ಮಕ್ಕಳನ್ನೂ ಸಾಕುವವರಿಗೆ ಎರಡು ಗಂಟೆಯೇ ದೊಡ್ಡದು. ಎಡೆಬಿಡದೆ ಎಷ್ಟು ಕಾಲ ಬಂದರು, ಅವರಿಂದ ಏನು ನಡೆಯಿತು ಎಂಬುದನ್ನು ನೋಡಿ. ಅದೇ ಕೆಲಸಕ್ಕೆ ಸಂಬಳ ಪಡೆಯುವವರನ್ನು ಈ ವಿಭಾಗಕ್ಕೆ ಸೇರಿಸಬೇಡಿ. ಮತ್ತೊಂದು ಎಚ್ಚರ: ನೆರವು ಪಡೆದವರ ಹೆಸರು, ಕಾಯಿಲೆ, ಬಡತನದ ವಿವರ ಅರ್ಜಿಯಲ್ಲಿದ್ದರೂ ವೇದಿಕೆಯಲ್ಲಿ ಓದಲೇಬಾರದು.

ಪ್ರಶ್ನೆ: ಆನ್‌ಲೈನ್ ಮತದಾನ?

ಬೇಡ. ಹೆಚ್ಚು ಕೆಲಸಗಾರರೂ ದೊಡ್ಡ ವಾಟ್ಸಾಪ್ ಗುಂಪುಗಳೂ ಇರುವವರು ಗೆಲ್ಲುತ್ತಾರೆ.

ಪ್ರಶ್ನೆ: ಫಲಕದಲ್ಲಿ ಹೆಸರು ತಪ್ಪಾಯಿತು, ಕಾರ್ಯಕ್ರಮ ಮೂರು ಗಂಟೆ ಎಳೆಯಿತು. ತಯಾರಿ ಯಾವಾಗ ಶುರುವಾಗಬೇಕು?

16 ವಾರ ಮುಂಚೆ. ವಿಶ್ವಸಂಸ್ಥೆ 1985ರಲ್ಲಿ ಘೋಷಿಸಿದ ಸ್ವಯಂಸೇವಕರ ದಿನವಾದ ಡಿಸೆಂಬರ್ 5ಕ್ಕೆ ಸಮಾರಂಭವೆಂದಾದರೆ, ಆಗಸ್ಟ್ ಮಧ್ಯದೊಳಗೆ ನಿಯಮ, ವಿಭಾಗ, ತೀರ್ಪುಗಾರರು ಗೊತ್ತಾಗಿರಬೇಕು. ಅರ್ಜಿಗೆ ಐದು ವಾರ, ಪರಿಶೀಲನೆಗೆ ಎರಡು, ತೀರ್ಪಿಗೆ ಎರಡು. ಅರ್ಜಿಗಳು ಕೊನೆಯ ಮೂರು ನಾಲ್ಕು ದಿನಗಳಲ್ಲಿ ಮುಗಿಬೀಳುತ್ತವೆ, ಗಾಬರಿಯಾಗಿ ಗಡುವು ಮುಂದೂಡಬೇಡಿ. ಹೊತ್ತಿಗೆ ಕೊಟ್ಟವರಿಗೆ ಅದು ಅನ್ಯಾಯ.

ಆಯ್ಕೆಯಾದವರಿಗೆ ಗುಟ್ಟಾಗಿ ತಿಳಿಸಿ ಒಪ್ಪಿಗೆ ಪಡೆಯಿರಿ. ವೇದಿಕೆಯ ಮೇಲೆ ಅಚ್ಚರಿಪಡಿಸುವ ಆಸೆ ಬೇಡ, ಪ್ರಚಾರ ಒಲ್ಲದವರೂ ಇರುತ್ತಾರೆ. ಹೆಸರನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ, ಇನಿಷಿಯಲ್ ಮುಂದೋ ಹಿಂದೋ ಎಂಬುದೂ ಅವರ ಇಷ್ಟ. ಕೆತ್ತನೆಗೆ ಕೊಡುವ ಮುಂಚೆ ಕರಡಿನ ಚಿತ್ರ ಅವರಿಗೆ ಕಳಿಸಿ, ‘ಸರಿ ಇದೆ’ ಎಂಬ ಉತ್ತರ ಬಂದ ಮೇಲೆ ಮುಂದುವರಿಯಿರಿ. ಕನ್ನಡ ಅಕ್ಷರ ಕೆಡುವುದು ಹೆಚ್ಚಾಗಿ ಕೆತ್ತುವವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದಾಗ: ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ. ಫಾಂಟ್ ಅಡಕವಾದ ಪಿಡಿಎಫ್ ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಕೆತ್ತನೆಗೆ ನಾಲ್ಕು ವಾರ ಇಟ್ಟುಕೊಳ್ಳಿ, ತಿದ್ದಿ ಮತ್ತೆ ಮಾಡಿಸಲೂ ಸಮಯ ಉಳಿಯುತ್ತದೆ.

ಸಮಯ ತಿನ್ನುವುದು ಪ್ರಶಸ್ತಿಗಳಲ್ಲ, ಅತಿಥಿಗಳ ಭಾಷಣ. ಪರಿಚಯ 80 ಪದ ಇದ್ದರೆ ನಿಧಾನ ಓದಿಗೆ ಸುಮಾರು ಒಂದು ನಿಮಿಷ. ಬಂದು ಹೋಗಲು, ಫೋಟೊಗೆ, ಎರಡು ಮಾತಿಗೆ ಮೂರು. ಎಂಟು ಪ್ರಶಸ್ತಿಗೆ 32 ನಿಮಿಷ ಸಾಕು. ಪುರಸ್ಕೃತರನ್ನು ಕರೆಯುವ ಕ್ರಮದಲ್ಲೇ ಓಡಾಡುವ ದಾರಿಯ ಪಕ್ಕದ ಕುರ್ಚಿಗಳಲ್ಲಿ ಕೂರಿಸಿ. ಮೆಟ್ಟಿಲು ಹತ್ತಲಾಗದವರಿದ್ದರೆ ಎಲ್ಲರಿಗೂ ಕೆಳಗೇ ಕೊಡಿ.

ಪ್ರಶ್ನೆ: ಆಯ್ಕೆಯಾಗದವರಿಗೆ ಏನು ಹೇಳಬೇಕು?

ಫಲಿತಾಂಶ ಹೊರಬೀಳುವ ಮುನ್ನ ಅವರಿಗೂ ಅವರ ಹೆಸರು ಕೊಟ್ಟವರಿಗೂ ಪತ್ರ ಹೋಗಿರಬೇಕು. ‘ಸ್ಪರ್ಧೆ ತೀವ್ರವಾಗಿತ್ತು’ ಎಂಬ ಸಿದ್ಧ ವಾಕ್ಯದ ಬದಲು ಅರ್ಜಿಯಲ್ಲಿದ್ದ ಅವರ ಕೆಲಸವನ್ನೇ ಒಂದು ಸಾಲಿನಲ್ಲಿ ಹೆಸರಿಸಿ, ಯಾವ ಮಾಹಿತಿ ಸಾಲದಾಯಿತು ಎಂದು ತಿಳಿಸಿ. ಮುಂದಿನ ವರ್ಷಕ್ಕೆ ಅದೇ ಅರ್ಜಿಯನ್ನು ತಿದ್ದಿ ಕೊಡಲು ಅವಕಾಶವಿದ್ದರೆ ಅದನ್ನೂ, ಕೊನೆಯ ದಿನಾಂಕದ ಸಮೇತ, ಅದೇ ಪತ್ರದಲ್ಲಿ ಬರೆಯಿರಿ.